ಆರನೆಯ ಚೀಲ

ಗಂಗಾವತಿಯ ಭತ್ತದ ಪೇಟೆಯಲ್ಲಿ ನಲವತ್ಮೂರು ವರ್ಷ ಒಂದೇ ಕೆಲಸ ಮಾಡಿದ ಮನುಷ್ಯ ಕಳಕಪ್ಪ. ಆ ಕೆಲಸವೆಂದರೆ ಚೀಲಕ್ಕೆ ಚುಚ್ಚುವುದು. ತುದಿ ಚೂಪಾದ, ಒಂದು ಮಗ್ಗುಲು ತೆರೆದ ಕಬ್ಬಿಣದ ಕೊಳವಿಯನ್ನು ತುಂಬಿದ ಚೀಲದ ಪಕ್ಕೆಗೆ ತಿವಿದರೆ ಹಿಡಿ ಭತ್ತ ಜಾರಿ ಅಂಗೈಗೆ ಬೀಳುತ್ತಿತ್ತು. ಅದರಲ್ಲಿ ನಾಲ್ಕು ಕಾಳು ಉಜ್ಜಿ, ಒಂದನ್ನು ಹಲ್ಲಿನಲ್ಲಿ ಕಡಿದು, ಮುರಿದ ಸಪ್ಪಳ ಕೇಳಿ, ತೇವ ಎಷ್ಟಿದೆ, ಜೊಳ್ಳು ಎಷ್ಟಿದೆ, ನುಸಿ ಹತ್ತಿದೆಯೋ ಇಲ್ಲವೋ, ಗಿರಣಿಗೆ ಹಾಕಿದರೆ ನುಚ್ಚು ಎಷ್ಟು ಬೀಳುತ್ತದೆ ಎಂದು ಹೇಳಿಬಿಡುತ್ತಿದ್ದ. ತೇವ ಅಳೆಯುವ ಮಿಷಿನ್ನು ಬಂದ ಮೇಲೂ ದಲಾಲಿ ಅಂಗಡಿಯ ಕೊಟ್ರಪ್ಪ ಸಾವ್ಕಾರರು ಮೊದಲು ಮಿಷಿನ್ನು ನೋಡಿ ಆಮೇಲೆ ಕಳಕಪ್ಪನ ಮುಖ ನೋಡುತ್ತಿದ್ದರು. ಎರಡೂ ತಾಳೆಯಾಗದಿದ್ದರೆ ಮಿಷಿನ್ನನ್ನು ರಿಪೇರಿಗೆ ಕಳಿಸುತ್ತಿದ್ದರು.

ಇಷ್ಟು ವರ್ಷ ಇಂಥ ಮರ್ಯಾದೆ ಸಿಕ್ಕ ಮನುಷ್ಯನಿಗೆ ಒಂದು ಚಟ ಅಂಟಿಕೊಳ್ಳದೆ ಇರುತ್ತದೆಯೇ? ಜಗತ್ತಿನಲ್ಲಿ ಏನನ್ನೇ ಆದರೂ ಒಂದು ಹಿಡಿ ತೆಗೆದು ನೋಡಿದರೆ ತಿಳಿದುಬಿಡುತ್ತದೆ ಎಂದು ಅವನು ನಂಬಿದ್ದ. ಮಗ ಹನಮೇಶನಿಗೆ ಹೆಣ್ಣು ನೋಡಲು ಯಲಬುರ್ಗಾದ ಕಡೆ ಹೋದಾಗ, ಹುಡುಗಿ ಚಹಾ ತರುವ ಮೊದಲೇ ಎದ್ದು ಹೋಗಿ ಪಡಸಾಲೆಯ ಜೋಳದ ಚೀಲಕ್ಕೆ ಕೈ ಹಾಕಿ ನೋಡಿ, "ಮಂದಿ ಛಲೋ ಅದಾರ, ಬೀಗತನ ಮಾಡಬಹುದು" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದವನು. ಸೊಸೆ ಸುರೇಖಾ ಈಗಲೂ ತಾನು ಜೋಳದ ಪುಣ್ಯದಿಂದ ಈ ಮನೆಗೆ ಬಂದವಳು ಎಂದು ಅತ್ತೆಯ ಮುಂದೆ ನಗುತ್ತಾಳೆ.

ಹೆಂಡತಿ ಪಾರಮ್ಮನದು ಇನ್ನೊಂದು ಕಸುಬು. ಪೇಟೆಯ ಗೇಟಿನ ಹತ್ತಿರ ಒಲೆ ಹೂಡಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ಮಾಡಿ ಮಾರುವುದು. ಮನೆ ಹೇಮಗುಡ್ಡದ ಕಡೆಯ ಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಗಂಡನ ಟಿವಿಎಸ್ ಗಾಡಿಯ ಮುಂದೆ ಕಡಲೆ ಹಿಟ್ಟಿನ ಡಬ್ಬಿ, ಹಿಂದೆ ಪಾರಮ್ಮ, ನಡುವೆ ಕಳಕಪ್ಪ. ಇಪ್ಪತ್ತು ವರ್ಷ ಆ ದಾರಿಯಲ್ಲಿ ಈ ಗಾಡಿ ಹೋಗುವುದನ್ನು ನೋಡಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎಂದರೆ ಸ್ವಲ್ಪ ಹೆಚ್ಚಾಯಿತು, ಆದರೆ ಪೂರ್ತಿ ಸುಳ್ಳೂ ಅಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದ ಮೇಲೆ ವರ್ಷದ ಭತ್ತವನ್ನು ಕಳಕಪ್ಪನೇ ಆರಿಸಿ ತರಬೇಕು. ಲೆಕ್ಕ ತಲೆಗೊಂದು ಚೀಲ. ಗಂಡ, ಹೆಂಡತಿ, ಮಗ, ಸೊಸೆ, ಎರಡು ಮೊಮ್ಮಕ್ಕಳು, ಒಟ್ಟು ಆರು. ಚಿಕ್ಕ ಮೊಮ್ಮಗಳು ಹುಟ್ಟಿ ಇನ್ನೂ ಹಾಲು ಕುಡಿಯುತ್ತಿದ್ದಾಗಲೂ ಅವಳ ಹೆಸರಿನ ಚೀಲ ಬಂತು. "ತಲಿ ಅಂದ್ರ ತಲಿ, ಹಲ್ಲು ಬಂದಾವೋ ಇಲ್ಲೋ ಅಂತ ಕೇಳಬಾರದು" ಎಂದಿದ್ದ. ಈ ಪದ್ಧತಿಗೆ ಇನ್ನೊಂದು ಮಗ್ಗುಲೂ ಇತ್ತು. ವರ್ಷದ ನಡುವೆ ಯಾರಾದರೂ ತೀರಿಕೊಂಡರೆ ಅವರ ಪಾಲಿನ ಚೀಲವನ್ನು ಮನೆಯವರು ಉಣ್ಣುತ್ತಿರಲಿಲ್ಲ, ಮಠದ ದಾಸೋಹಕ್ಕೆ ಕೊಟ್ಟುಬಿಡುತ್ತಿದ್ದರು. ಕಳಕಪ್ಪನ ತಾಯಿ ತೀರಿಕೊಂಡ ವರ್ಷ ಅವಳ ಚೀಲ ಮೂಲೆಯಲ್ಲಿ ಬಾಯಿ ಹೊಲಿದ ಹಾಗೆಯೇ ಹದಿಮೂರು ದಿನ ನಿಂತಿತ್ತು. ಅದನ್ನು ಹೊತ್ತು ಹೊರಗೆ ಹಾಕಿದವನೂ ಅವನೇ. ಹೆಣ ಹೊರುವಾಗ ಅಳದವನು ಆ ಚೀಲ ಹೊರುವಾಗ ಅತ್ತಿದ್ದ.

ಈಗ ಕತೆಗೆ ಬರೋಣ. ಕಳಕಪ್ಪನಿಗೆ ಆಗ ಎಪ್ಪತ್ತು. ಕಾರ್ತಿಕ ಮಾಸ, ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಭತ್ತ ಬಂದು ಬಿದ್ದಿತ್ತು. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹೋಗುವಷ್ಟರಲ್ಲಿ ಅವನಿಗೆ ಏದುಸಿರು ಬರತೊಡಗಿತು. ಮೊದಲು ವಯಸ್ಸು ಎಂದುಕೊಂಡ, ಆಮೇಲೆ ಧೂಳು ಎಂದುಕೊಂಡ. ಒಂದು ದಿನ ಚೀಲಕ್ಕೆ ಚುಚ್ಚಿದ ಕೊಳವಿಯನ್ನು ಹೊರಗೆಳೆಯಲು ಆಗದೆ ಅದನ್ನೇ ಹಿಡಿದುಕೊಂಡು ಕುಸಿದು ಕುಳಿತ. ಕೊಟ್ರಪ್ಪ ಸಾವ್ಕಾರರು ಓಡಿ ಬಂದರು.

"ಕಳಕಪ್ಪಾ, ಮಾರಿ ನೋಡ್ಕೊಂಡಿಯೇನು? ಸುಣ್ಣ ಬಳದಂಗ ಆಗೈತಿ. ನಾಳೆ ಪೇಟಿಗೆ ಬಂದ್ರ ನಾ ಒಳಗ ಬಿಡೂದಿಲ್ಲ, ದವಾಖಾನಿಗೆ ಹೋಗು."

ಗಂಗಾವತಿಯ ಡಾಕ್ಟರು ರಕ್ತ ನೋಡಿ ಹದಿಮೂರು ಇರಬೇಕಾದದ್ದು ಎಂಟೂವರೆ ಇದೆ ಎಂದರು. ಒಂದು ತಿಂಗಳು ಕಬ್ಬಿಣದ ಗುಳಿಗೆ ಕೊಟ್ಟರು. ಏರಲಿಲ್ಲ. ಆಗ ಅವರು, ರಕ್ತ ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ, ತೊಂದರೆ ಅಲ್ಲೇ ಇರಬಹುದು, ಹುಬ್ಬಳ್ಳಿಗೆ ಹೋಗಿ ಎಂದು ಚೀಟಿ ಬರೆದರು.

ಹನಮೇಶ ಗಿರಣಿಗೆ ರಜೆ ಹಾಕಿ ಅಪ್ಪನನ್ನು ಹುಬ್ಬಳ್ಳಿ ರೈಲು ಹತ್ತಿಸಿಕೊಂಡು ಹೋದ. ಅಲ್ಲಿನ ರಕ್ತದ ಕಾಯಿಲೆಯ ಡಾಕ್ಟರು ಸಹನಾ ಎಂಬ ನಲವತ್ತರ ಹೆಣ್ಣುಮಗಳು. ಕಳಕಪ್ಪನನ್ನು ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂದಿನ ಎಲುಬಿನ ಮೇಲೆ ಕೈಯಿಟ್ಟು, ಇಲ್ಲಿಂದ ಸ್ವಲ್ಪ ಮಜ್ಜೆ ತೆಗೆದು ನೋಡುತ್ತೇವೆ ಎಂದರು. ಕಳಕಪ್ಪ ಕತ್ತು ಹೊರಳಿಸಿ ಅವರ ಕೈಯಲ್ಲಿದ್ದುದನ್ನು ನೋಡಿದ. ಕೊಳವಿ! ಅವನದೇ ಕೊಳವಿಯ ತಂಗಿಯಂಥದ್ದು, ಸಣ್ಣದು, ಥಳಥಳ ಹೊಳೆಯುವಂಥದ್ದು.

"ಡಾಕ್ಟರಮ್ಮಾ, ಎಷ್ಟು ಕಡೆ ಚುಚ್ಚತೀರಿ?"

"ಒಂದ ಕಡೆ ಅಜ್ಜಾರ, ಹೆದರಬ್ಯಾಡ್ರಿ."

"ಹೆದರಿಕಿ ಅಲ್ರಿ. ಒಂದ ಕಡೆ ಸಾಲೂದಿಲ್ಲ. ಮ್ಯಾಲ, ನಡು, ತಳ, ಮೂರೂ ಕಡೆ ನೋಡಬೇಕು. ರೈತರು ತಳಕ್ಕ ಹಸಿ ಭತ್ತ ಹಾಕಿ ಮ್ಯಾಲ ಒಣಗಿದ್ದು ತುಂಬಿರ್ತಾರ."

ಡಾಕ್ಟರು ನಕ್ಕರು. ಮರಗಟ್ಟುವ ಸೂಜಿ ಕೊಟ್ಟಿದ್ದರೂ ಎಲುಬಿನೊಳಗಿಂದ ಏನೋ ಜಗ್ಗಿದಂತಾಗಿ ಕಳಕಪ್ಪನ ಕಣ್ಣಲ್ಲಿ ನೀರು ಬಂತು. ನಲವತ್ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಚೀಲಗಳ ಬಗ್ಗೆ ಅಯ್ಯೋ ಅನ್ನಿಸಿತು.

ನಾಲ್ಕು ದಿನ ಬಿಟ್ಟು ಮತ್ತೆ ಹೋದರು. ಹನಮೇಶ ಕೆಳಗೆ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದ, ಕಳಕಪ್ಪನ ಪಾಳಿ ಮೊದಲೇ ಬಂತು. ಡಾಕ್ಟರು ಹೇಳಿದ್ದು ಇಷ್ಟು: "ಮಜ್ಜಿ ಒಳಗ ರಕ್ತ ಸರಿಯಾಗಿ ತಯಾರಾಗವಲ್ದು, ಅಜ್ಜಾರ. ಎಳೀ ಕಣ ಅಂತ ಒಂದು ಜಾತಿ ಅದಾವ, ಅವು ನೂರಕ್ಕ ಎರಡು ಸಿಕ್ಕಾವ. ಅವು ಹೆಚ್ಚಾಗತಾವೇನು ಅಂತ ನಾವು ನೋಡಕೋತ ಇರಬೇಕು. ಇನ್ನೊಂದು ರಿಪೋರ್ಟ್ ಬರಾಕ ಮೂರು ವಾರ ಬೇಕು. ಅದು ಬಂದ ಮ್ಯಾಲ ಎಲ್ಲಾ ಬಿಡಿಸಿ ಹೇಳ್ತೀನಿ. ಮನಿಯವರನ್ನೂ ಕರ್ಕೊಂಡು ಬರ್ರಿ."

ಇದನ್ನು ಬೇರೆ ಯಾರೇ ಕೇಳಿದ್ದರೂ ಮೂರು ವಾರ ಕಾಯುತ್ತಿದ್ದರು. ಕಳಕಪ್ಪನಿಗೆ ಕಾಯುವ ಅಗತ್ಯವೇ ಕಾಣಲಿಲ್ಲ. ನೂರಕ್ಕೆ ಎರಡು, ಹೆಚ್ಚಾಗುವಂಥದ್ದು. ಪೇಟೆಯಲ್ಲಿ ಅದಕ್ಕೆ ಒಂದೇ ಅರ್ಥ, ನುಸಿ. ಕಾರ್ತಿಕದಲ್ಲಿ ನೂರು ಕಾಳಿಗೆ ಎರಡಕ್ಕೆ ನುಸಿ ಹತ್ತಿದ ಚೀಲ ಸಂಕ್ರಾಂತಿಗೆ ಹತ್ತಾಗುತ್ತದೆ, ಶಿವರಾತ್ರಿಗೆ ನಲವತ್ತಾಗುತ್ತದೆ, ಯುಗಾದಿಗೆ ಬಾಯಿ ಬಿಚ್ಚಿದರೆ ಒಳಗೆ ಬರೀ ಹಿಟ್ಟು. ಇದನ್ನು ಅವನು ಒಂದಲ್ಲ, ಸಾವಿರ ಚೀಲದಲ್ಲಿ ಕಂಡಿದ್ದ. ಯಾವ ಡಾಕ್ಟರು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತು, ಕೊಪ್ಪಳ ದಾಟುವಷ್ಟರಲ್ಲಿ ತನ್ನ ಆಯುಷ್ಯದ ಮೇಲೆ ತಾನೇ ಚೀಟಿ ಅಂಟಿಸಿದ್ದ. ಯುಗಾದಿ ತನಕ.

"ಏನಂದ್ರಪ್ಪ ಡಾಕ್ಟರು?" ಎಂದು ಹನಮೇಶ ಕೇಳಿದ.

"ರಕ್ತ ಕಡಿಮಿ ಐತಂತ. ಗುಳಿಗಿ ಕೊಟ್ಟಾರ. ಮತ್ತ ಬರೂದು ಬ್ಯಾಡಂತ."

ಸುಳ್ಳು ಹೇಳಿದ್ದು ತಪ್ಪು. ಆದರೆ ಅವನ ಹೆದರಿಕೆ ಸಾವಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದವಾಖಾನೆಗಳ ಹಿಂದೆ ಮಗ ಓಡಾಡುವುದು, ಸೊಸೆ ಮರೆಯಲ್ಲಿ ಅಳುವುದು, ನೆಂಟರು ಸಾಲಾಗಿ ಬಂದು ಕೈಹಿಡಿದು ಮುಖ ನೋಡಿ ಹೋಗುವುದು, ಇವು ಅವನಿಗೆ ಬೇಡವಾಗಿದ್ದವು. ಹಿಟ್ಟಾಗುವ ಚೀಲಕ್ಕೆ ಔಷಧ ಹೊಡೆಯುವುದು ವ್ಯರ್ಥ ಎಂದು ಎಷ್ಟು ರೈತರಿಗೆ ಅವನೇ ಬುದ್ಧಿ ಹೇಳಿದ್ದ. ಮೂರು ವಾರಕ್ಕೆ ಹುಬ್ಬಳ್ಳಿಯಿಂದ ಫೋನ್ ಬಂತು. "ಕಳಕಪ್ಪಾರ ಏನ್ರಿ?" ಎಂದು ಆ ಕಡೆಯಿಂದ ಒಂದು ಹುಡುಗಿ ಕೇಳಿದಳು. "ರಾಂಗ್ ನಂಬರ್" ಎಂದು ಕಳಕಪ್ಪ ಇಟ್ಟುಬಿಟ್ಟ.

ಉಳಿದ ನಾಲ್ಕು ತಿಂಗಳಲ್ಲಿ ಮಾಡಬೇಕಾದ ಕೆಲಸ ಅವನ ಲೆಕ್ಕದಲ್ಲಿ ಎರಡು. ಒಂದು, ಪಾರಮ್ಮ ಗಾಡಿ ಕಲಿಯಬೇಕು. ತಾನಿಲ್ಲದಿದ್ದರೆ ಹಿಟ್ಟಿನ ಡಬ್ಬಿ ಹೊತ್ತು ಪೇಟೆಗೆ ಹೇಗೆ ಬರುತ್ತಾಳೆ? ಮಗನ ಪಾಳಿ ಗಿರಣಿಯಲ್ಲಿ ಬೆಳಿಗ್ಗೆಯೇ ಶುರುವಾಗುತ್ತದೆ. ಒಲೆ ಹೂಡದ ದಿನ ಪಾರಮ್ಮ ಕೈ ಕಟ್ಟಿಹಾಕಿದಂತೆ ಆಡುತ್ತಾಳೆ, ಅವಳನ್ನು ಮನೆಯಲ್ಲಿ ಕೂರಿಸಿದರೆ ಮೂರೇ ತಿಂಗಳಲ್ಲಿ ಸೊಸೆಯ ಜೊತೆ ಜಗಳವಾಡಿ ತಾನೂ ಸೊರಗುತ್ತಾಳೆ. ಇದನ್ನು ಕಂಡುಹಿಡಿಯಲು ಕೊಳವಿ ಬೇಕಾಗಿರಲಿಲ್ಲ.

"ಏ ಪಾರಿ, ನೀ ಗಾಡಿ ಕಲಿ" ಎಂದ ಒಂದು ಭಾನುವಾರ.

"ನಿಮಗೇನಾರ ತಲಿ ಕೆಟ್ಟೈತೇನ್ರಿ? ಅರವತ್ತೆರಡಾತು ನನಗ."

"ಅರವತ್ತೆರಡಕ್ಕ ಕಲಿಬಾರದಂತ ಗಾಡಿ ಮ್ಯಾಲ ಬರದಾರೇನು?"

ಪೇಟೆಯಲ್ಲಿ ಖರೀದಿ ಇಲ್ಲದ ಆ ದಿನ ಭತ್ತ ಒಣಹಾಕುವ ಸಿಮೆಂಟಿನ ಕಣದಲ್ಲಿ ಪಾಠ ಶುರುವಾಯಿತು. ಇಳಕಲ್ ಸೀರೆಯನ್ನು ಎತ್ತಿ ಕಚ್ಚೆ ಬಿಗಿದು ಪಾರಮ್ಮ ಗಾಡಿ ಹತ್ತಿದಳು. ಮೊದಲ ದಿನ ಹೋಗಿ ಹೊಟ್ಟಿನ ಗುಡ್ಡೆಗೆ ನುಗ್ಗಿದಳು. ಎದ್ದು ಬಂದಾಗ ತಲೆಯಿಂದ ಕಾಲಿನವರೆಗೂ ಹೊಟ್ಟು. ಕಳಕಪ್ಪ ನಗಬಾರದೆಂದು ಹಲ್ಲು ಕಚ್ಚಿ ಕೊನೆಗೆ ಏದುಸಿರು ಬರುವ ತನಕ ನಕ್ಕ. ಎರಡನೆಯ ವಾರ ಬ್ರೇಕು ಹಿಡಿಯುವುದನ್ನು ಕಲಿತಳು, ಮೂರನೆಯ ವಾರ ಬ್ರೇಕು ಬಿಡುವುದನ್ನೂ ಕಲಿತಳು. ಸಂಕ್ರಾಂತಿ ಬರುವ ಹೊತ್ತಿಗೆ ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ತಾನೇ ಪೇಟೆಗೆ ಬರತೊಡಗಿದಳು, ಕಳಕಪ್ಪ ಹಿಂದೆ ಕುಳಿತು ದಾರಿಯುದ್ದಕ್ಕೂ ಉಪದೇಶ ಮಾಡುತ್ತಿದ್ದ. ಅವಳಿಗೆ ಗಾಡಿ ಹೊಡೆಯುವುದರಲ್ಲಿ ಎಂಥ ಹಿಗ್ಗು ಬಂದಿತ್ತೆಂದರೆ ಗಂಡನಿಗೆ ಈ ಹುಚ್ಚು ಯಾಕೆ ಹತ್ತಿತು ಎಂದು ಕೇಳುವುದನ್ನೇ ಮರೆತಿದ್ದಳು.

ಎರಡನೆಯ ಕೆಲಸ ವರ್ಷದ ಭತ್ತ. ಅದನ್ನು ಅವನು ಯಾರಿಗೂ ಹೇಳದೆ ಮಾಡಿದ. ಟೆಂಪೋದ ರಫೀಕನ ಕೈಯಲ್ಲಿ ಚೀಲಗಳನ್ನು ಮನೆಗೆ ಕಳಿಸಿ, ತಾನೇ ಒಳಕೋಣೆಯಲ್ಲಿ ಒಂದರ ಮೇಲೊಂದು ಒಟ್ಟಿಸಿದ.

ಸಂಕ್ರಾಂತಿಯ ಮುಂಚಿನ ದಿನ ಪಾರಮ್ಮ ಬೇವಿನ ಸೊಪ್ಪು ತಂದು ಒಣಗಿಸಿ ಚಿಕ್ಕ ಚಿಕ್ಕ ಕಟ್ಟು ಮಾಡಿದಳು. ಹುಳ ಹತ್ತದಂತೆ ಚೀಲಕ್ಕೊಂದು ಕಟ್ಟು ಇಡುವುದು ಅವಳ ಪಾಲಿನ ಕೆಲಸ. ಪ್ರತಿ ವರ್ಷದಂತೆ ಆರು ಕಟ್ಟು ಕಟ್ಟಿದಳು. ಒಳಕೋಣೆಗೆ ಹೋಗಿ ಒಂದೊಂದನ್ನೇ ಇಟ್ಟಳು. ಐದು ಇಟ್ಟಾದ ಮೇಲೆ ಒಂದು ಕೈಯಲ್ಲೇ ಉಳಿಯಿತು. ಮತ್ತೆ ಎಣಿಸಿದಳು. ಹಿಂದೆ ಬಗ್ಗಿ ನೋಡಿದಳು. ಚೀಲ ಐದೇ ಇದ್ದವು.

ಹಮಾಲರು ಒಂದು ಚೀಲ ಅತ್ತಿತ್ತ ಮಾಡಿದರೂ ದೂರದಿಂದಲೇ ಕೂಗುವ ಮನುಷ್ಯ ತನ್ನ ಮನೆಯ ಚೀಲ ಮರೆಯುತ್ತಾನೆಯೇ? ಹುಬ್ಬಳ್ಳಿ, ಮತ್ತೆ ಬರೂದು ಬ್ಯಾಡಂತ, ಭಾನುವಾರದ ಗಾಡಿ, ಎಲ್ಲ ಒಂದೊಂದಾಗಿ ಜೋಡಿಸಿಕೊಂಡವು. ಬೇವಿನ ಕಟ್ಟು ಹಿಡಿದುಕೊಂಡೇ ಪಡಸಾಲೆಗೆ ಬಂದಳು. ಕಳಕಪ್ಪ ಊಟ ಮುಗಿಸಿ ತಟ್ಟೆಯಲ್ಲಿ ಕೈ ತೊಳೆಯುತ್ತಿದ್ದ. ಅವನು ಕೈ ತೊಳೆದು ಮುಗಿಸಲು ಬಿಟ್ಟು ಕೇಳಿದಳು.

"ಆರು ತಲಿ ಇರೋ ಮನ್ಯಾಗ ಐದು ಚೀಲ ಬಂದಾವ. ಯಾವ ತಲಿ ಬಿಟ್ಟೀರಿ?"

ಕಳಕಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ನಿಮ್ಮದಾ?"

ಅವನು ತಲೆ ತಗ್ಗಿಸಿದ. ಆಮೇಲೆ ಎಲ್ಲ ಹೇಳಿದ. ನೂರಕ್ಕೆ ಎರಡು, ನುಸಿ, ಯುಗಾದಿ, ಫೋನಿನ ರಾಂಗ್ ನಂಬರ್. "ನನ್ನ ಚೀಲ ಮೂಲ್ಯಾಗ ನಿಂತಿದ್ದು ನೀ ನೋಡೂದು ಬ್ಯಾಡ ಅಂತ ತರಲಿಲ್ಲ, ಪಾರಿ. ನಮ್ಮವ್ವನ ಚೀಲ ಹೊರುವಾಗ ನನಗ ಏನಾತು ನಿನಗ ಗೊತ್ತೈತಲ್ಲ" ಎಂದ. ಪಾರಮ್ಮ ಅಳಲಿಲ್ಲ. ಅಳುವುದಕ್ಕಿಂತ ಹೆಚ್ಚಿನ ಸಿಟ್ಟು ಅವಳಿಗೆ ಬಂದಿತ್ತು.

"ಡಾಕ್ಟರು ಮೂರು ವಾರಕ್ಕ ಹೇಳ್ತೀನಿ ಅಂದ್ರ, ನೀವು ಅವರ ಪರವಾಗಿ ರೈಲಿನ್ಯಾಗ ಕುಂತು ಹೇಳಿಬಿಟ್ರ್ಯಾ? ಅಕಿ ಓದಿದಾಕಿ ಸುಮ್ನ ಓದ್ಯಾಳೇನು? ನಾಳೆ ಸಂಕ್ರಾಂತಿ, ಆಗಲಿ. ನಾಡದ್ದು ನಡೀರಿ ಹುಬ್ಬಳ್ಳಿಗೆ. ಯುಗಾದಿಗೆ ಸಾಯೂದು ಖರೇ ಅಂದ್ರೂ ಅಕಿ ಬಾಯಿಲೆ ಕೇಳ್ತೀನಿ, ನಿಮ್ಮ ಬಾಯಿಲೆ ಅಲ್ಲ."

ಮೂರನೆಯ ದಿನ ಗಂಡ, ಹೆಂಡತಿ, ಮಗ ಮೂವರೂ ಹುಬ್ಬಳ್ಳಿಯಲ್ಲಿದ್ದರು. ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಹೇಮಗುಡ್ಡ ದಾಟುವಾಗ ಪಾರಮ್ಮ ಬಸ್ಸಿನಿಂದಲೇ ಅಲ್ಲಿಯ ದೇವಿ ದುರ್ಗವ್ವನಿಗೆ ಕೈ ಮುಗಿದು ಬೇರೇನೂ ಕೇಳದೆ "ಖರೇ ಹೇಳಸು ತಾಯಿ" ಎಂದಷ್ಟೇ ಬೇಡಿಕೊಂಡಿದ್ದಳು. ಈ ಸಲ ಹನಮೇಶ ಚೀಟಿಯ ಸಾಲು ಬಿಟ್ಟು ಅಪ್ಪನ ಬೆನ್ನಿಗೇ ಅಂಟಿಕೊಂಡು ಒಳಗೆ ಬಂದ.

ಡಾಕ್ಟರು ಸಹನಾ ಕಳಕಪ್ಪನನ್ನು ನೋಡಿದ ಕೂಡಲೇ, "ರಾಂಗ್ ನಂಬರ್ ಅಜ್ಜಾರ ಬಂದ್ರಲ್ಲ" ಎಂದರು. ಕಳಕಪ್ಪ ನೆಲ ನೋಡಿದ. ಪಾರಮ್ಮ ಕುರ್ಚಿಯಲ್ಲಿ ಕೂರಲೂ ಇಲ್ಲ.

"ಯವ್ವಾ, ನನಗ ಒಂದ ಮಾತು ಹೇಳು. ಇವರು ಯುಗಾದಿ ದಾಟ್ತಾರೇನು?"

ಡಾಕ್ಟರಿಗೆ ತಿಳಿಯಲಿಲ್ಲ. "ಯಾವ ಯುಗಾದಿ?"

"ಈಗ ಬರೂದ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕುಂದರ್ರಿ ಅಮ್ಮಾರ. ಇದನ್ನ ಯಾರು ಹೇಳಿದ್ರು ನಿಮಗ?"

ಪಾರಮ್ಮ ಗಂಡನ ಕಡೆ ಬೊಟ್ಟು ತೋರಿಸಿದಳು. ಕಳಕಪ್ಪ ತನ್ನ ಲೆಕ್ಕವನ್ನೆಲ್ಲ ಒಪ್ಪಿಸಿದ. ಡಾಕ್ಟರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ನಗಲಿಲ್ಲ, ಅದಕ್ಕೇ ಕಳಕಪ್ಪನಿಗೆ ಅವರ ಮೇಲೆ ಗೌರವ ಹುಟ್ಟಿತು.

"ಅಜ್ಜಾರ, ಆ ಎಳೀ ಕಣ ನುಸಿ ಅಲ್ಲ. ಅವು ಸಸಿ ಇದ್ದಂಗ. ಅವ ಬೆಳದು ರಕ್ತ ಆಗತಾವ. ನೂರಕ್ಕ ಒಂದೆರಡು ನನ್ನ ಎಲುಬಿನ್ಯಾಗೂ ಅದಾವ, ನಿಮ್ಮ ಮಗನ ಎಲುಬಿನ್ಯಾಗೂ ಅದಾವ. ಐದರ ಮ್ಯಾಲ ಹೋದ್ರ ನಮಗ ಕಾಳಜಿ. ನಿಮಗ ಇರೂದ ಎರಡು."

"ಮತ್ತ ರಕ್ತ ಯಾಕ ಇಲ್ರಿ?"

"ಸಸಿ ಹಚ್ಚೂದು ಸರಿ ಐತಿ, ಪೈರು ಬರೂದೂ ಸರಿ ಐತಿ, ಕಾಳು ಗಟ್ಟಿ ಆಗವಲ್ದು. ಅರ್ಧಕ್ಕ ಅರ್ಧ ಮಜ್ಜ್ಯಾಗ ಹಾಳಾಗಿ ಹೋಗ್ತಾವ."

ಕಳಕಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಅಂದ್ರ ಜೊಳ್ಳು?"

"ಹೌದ್ರಿ, ಜೊಳ್ಳು."

ಅವನು ಕಣ್ಣು ಮುಚ್ಚಿಕೊಂಡ. ಜೊಳ್ಳು! ಜೊಳ್ಳು ಇದ್ದ ಚೀಲ ಹಗುರ ಇರುತ್ತದೆ, ಅಕ್ಕಿ ಕಡಿಮೆ ಬೀಳುತ್ತದೆ, ದರ ಇಳಿಯುತ್ತದೆ. ಆದರೆ ಜೊಳ್ಳು ಪಕ್ಕದ ಕಾಳನ್ನು ತಿನ್ನುವುದಿಲ್ಲ, ಇಟ್ಟಲ್ಲೇ ಎರಡು ಹತ್ತಾಗುವುದಿಲ್ಲ, ಹತ್ತು ನಲವತ್ತಾಗುವುದಿಲ್ಲ. ನಲವತ್ಮೂರು ವರ್ಷ ನುಸಿ ಬೇರೆ, ಜೊಳ್ಳು ಬೇರೆ ಎಂದು ಊರಿಗೆಲ್ಲ ಹೇಳಿಕೊಟ್ಟವನು ತನ್ನ ಚೀಲದಲ್ಲೇ ಎಡವಿದ್ದ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಎದೆಯ ಮೇಲಿಂದ ಯಾರೋ ಭಾರ ಇಳಿಸಿದಂತಾಗಿ ಉಸಿರು ಒಳಗೆ ಪೂರ್ತಿ ಹೋಯಿತು.

ಡಾಕ್ಟರು ಇನ್ನೊಂದು ಕಾಗದ ತೆಗೆದರು. ಮೂರು ವಾರದ ರಿಪೋರ್ಟು ಅದು, ಒಂದು ತಿಂಗಳಿಂದ ಇವನಿಗಾಗಿ ಕಾದಿತ್ತು. ವಯಸ್ಸಾದವರಿಗೆ ಮಜ್ಜೆಯ ಇಂಥ ಕಾಯಿಲೆ ಬಂದಾಗ ಎಲ್ಲರದೂ ಒಂದೇ ಹಣೆಬರಹವಲ್ಲ ಎಂದು ಅವರು ಬಿಡಿಸಿ ಹೇಳಿದರು. ಎಳೆ ಕಣ ಎಷ್ಟು, ರಕ್ತ ಎಷ್ಟು, ಕಣಗಳ ಒಳಗಿನ ವರ್ಣತಂತುಗಳು ಮುರಿದಿವೆಯೋ ಸರಿ ಇವೆಯೋ, ಎಲ್ಲ ಕೂಡಿಸಿ ಒಂದು ಅಂಕ ಹಾಕುತ್ತಾರೆ. ಕಳಕಪ್ಪನ ಅಂಕ ಎರಡು.

"ಎರಡಾ?" ಎಂದು ಹನಮೇಶನ ಮುಖ ಬಾಡಿತು. "ಎಷ್ಟಕ್ಕ್ರಿ?"

"ಇದು ಸಾಲಿ ಪರೀಕ್ಷಾ ಅಲ್ಲಪ್ಪ. ಇಲ್ಲಿ ಅಂಕ ಕಡಿಮಿ ಬಂದಷ್ಟೂ ಛಲೋ. ನಿಮ್ಮ ಅಪ್ಪಾರು ಕಡಿಮಿ ಅಪಾಯದ ಸಾಲಿನ್ಯಾಗ ಅದಾರ."

"ಅಂದ್ರ ಎಷ್ಟು ದಿನ?" ಪಾರಮ್ಮ ಬಿಡಲಿಲ್ಲ.

"ದಿನ ಅಲ್ಲ ಅಮ್ಮಾರ, ವರ್ಷದ ಲೆಕ್ಕ ಹಿಡೀರಿ. ಇಂಥಾ ಅಂಕ ಇದ್ದವರು ನೂರು ಮಂದಿ ಇದ್ರ, ಅರ್ಧಕ್ಕ ಅರ್ಧ ಮಂದಿ ಐದು ವರ್ಷ ದಾಟ್ತಾರ. ಎಂಟು, ಹತ್ತು ಕಂಡವರೂ ಅದಾರ. ಕೆಲವರಿಗೆ ಮಾತ್ರ ಮುಂದ ಕಾಯಿಲಿ ತಿರುಗಿ ಜೋರಾಗತೈತಿ. ಅದಕ್ಕ ಮೂರು ತಿಂಗಳಿಗೊಮ್ಮಿ ಬಂದು ತೋರಿಸಬೇಕು, ರಾಂಗ್ ನಂಬರ್ ಅನಬಾರದು. ವಾರಕ್ಕೊಂದು ಸೂಜಿ ಬರಕೊಡ್ತೀನಿ, ರಕ್ತ ಏರತೈತಿ. ಏರಲಿಲ್ಲಂದ್ರ ಬ್ಯಾರೆ ದಾರಿ ಅದಾವ. ಆದ್ರ ಅಜ್ಜಾರ ಆ ನೂರು ಮಂದ್ಯಾಗ ಎಲ್ಲಿ ಬರ್ತಾರ ಅಂತ ನಾ ಬರದು ಕೊಡಾಕ ಆಗೂದಿಲ್ಲ."

"ಅದು ನನಗ ಗೊತ್ತೈತ್ರಿ" ಎಂದ ಕಳಕಪ್ಪ. ಮೊದಲ ಸಲ ಅವನ ದನಿಯಲ್ಲಿ ಪೇಟೆಯ ಹಳೆಯ ಗತ್ತು ಬಂದಿತ್ತು. "ಹಿಡಿ ಕಾಳು ತಗದ್ರ ಚೀಲದ ಸುದ್ದಿ ಹೇಳಬಹುದು. ಒಂದೊಂದ ಕಾಳಿನ ಸುದ್ದಿ ಯಾರ ಹೇಳ್ತಾರ? ಸಾಕ್ರಿ ಯವ್ವಾ. ಇಷ್ಟು ಸಾಕು."

ಪಾರಮ್ಮ ಅಲ್ಲಿಯ ತನಕ ಬಿಗಿಹಿಡಿದಿದ್ದ ಅಳು ಈಗ ಹೊರಗೆ ಬಂತು. ಡಾಕ್ಟರ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿ, ಗಂಡನ ಕಡೆ ತಿರುಗಿ, "ಎರಡು ತಿಂಗಳು ಸತ್ತಂಗ ಬದುಕಿದ್ರಿ, ಹುಚ್ಚ ಮನಷಾ" ಎಂದು ಡಾಕ್ಟರ ಎದುರಿಗೇ ಬೈದಳು. ಆ ಬೈಗುಳ ಕಳಕಪ್ಪನಿಗೆ ಅಮೃತದ ಹಾಗಿತ್ತು. ವಾಪಸು ರೈಲಿನಲ್ಲಿ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ, ಕೊಪ್ಪಳವೂ ತಿಳಿಯಲಿಲ್ಲ, ಗಂಗಾವತಿಯಲ್ಲಿ ಹನಮೇಶ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಮಾರನೆಯ ದಿನ ಬೆಳಿಗ್ಗೆ ಪೇಟೆಯಲ್ಲಿ ಅವನು ಮಾಡಿದ ಮೊದಲ ಕೆಲಸ ತನ್ನ ಚೀಲ ಆರಿಸುವುದು. ಕೊಳವಿ ಹಿಡಿದು ಕಟ್ಟೆ ಕಟ್ಟೆ ತಿರುಗಿದ, ಮೇಲೆ, ನಡು, ತಳ ಮೂರೂ ಕಡೆ ಚುಚ್ಚಿ ನೋಡಿದ. ಒಂದು ತೇವ ಎಂದು ಬಿಟ್ಟ, ಇನ್ನೊಂದು ಕಲಬೆರಕೆ ಎಂದು ಬಿಟ್ಟ. ನಡುನಡುವೆ ಕುಳಿತು ಉಸಿರು ಸುಧಾರಿಸಿಕೊಂಡ. ಕೊಟ್ರಪ್ಪ ಸಾವ್ಕಾರರು ಸಾಕಾಗಿ, "ಮಗನ ಲಗ್ನಕ್ಕೂ ಇಷ್ಟು ನೋಡಿ ಆರಿಸಿರಲಿಕ್ಕಿಲ್ಲ ನೀನು" ಎಂದರು.

"ಲಗ್ನ ಮಗಂದು, ಸಾವ್ಕಾರ್ರ. ಇದು ನಂದು."

ಅಂತೂ ಒಂದು ಸಿಕ್ಕಿತು. ರಫೀಕನ ಟೆಂಪೋ ಕಾರಟಗಿಗೆ ಹೋಗಿತ್ತು, ಸಂಜೆ ತರಿಸಿದರಾಯಿತು ಎಂದು ಕಳಕಪ್ಪ ಅಂದ. ಪಾರಮ್ಮ ಒಲೆ ಆರಿಸಿ, ಮಿರ್ಚಿಯ ಬಾಣಲೆಗೆ ತಟ್ಟೆ ಮುಚ್ಚಿ ಬಂದಳು. ಸಂಜೆಯ ತನಕ ತಡೆಯುವ ಮಾತೇ ಅವಳಲ್ಲಿರಲಿಲ್ಲ. ಹಮಾಲರಿಂದ ಚೀಲವನ್ನು ಟಿವಿಎಸ್ಸಿನ ಮುಂದೆ ಇಡಿಸಿದಳು.

"ಕೊಡು, ನಾ ಹೊಡೀತೀನಿ" ಎಂದು ಕಳಕಪ್ಪ ಕೈ ಚಾಚಿದ.

"ಎಂಟೂವರಿ ರಕ್ತ ಇಟ್ಕೊಂಡು ಗಾಡಿ ಹೊಡೀತಾರಂತ. ಹಿಂದ ಕುಂದರ್ರಿ."

ಅವನು ಹಿಂದೆ ಕುಳಿತ. ಪೇಟೆಯ ಗೇಟು ದಾಟುವಾಗ ಹಮಾಲರು ಕೇಕೆ ಹಾಕಿದರು. ಕನಕಗಿರಿ ರಸ್ತೆಯ ಉಬ್ಬು ಬಂದಾಗ ಅವನು ರೂಢಿಯಂತೆ "ಬ್ರೇಕು, ಬ್ರೇಕು" ಎಂದು ಕೂಗಿದ. "ಬಾಯಿ ಮುಚ್ಚಿಕೊಂಡು ಕುಂದರ್ರಿ, ಚೀಲ ಹೆದರತೈತಿ" ಎಂದಳು ಅವಳು. ಎರಡೂ ಕಡೆ ನಾಟಿಯಾದ ಗದ್ದೆ ಇತ್ತು, ಕಾಲುವೆಯಲ್ಲಿ ನೀರಿತ್ತು. ತಾನು ಬದುಕಿದ್ದೇನೆ, ಇನ್ನೂ ಬದುಕುತ್ತೇನೆ ಎಂಬುದನ್ನು ಕಳಕಪ್ಪ ಆ ಹಿಂದಿನ ಸೀಟಿನಲ್ಲಿ ಕುಳಿತು ನಂಬಿದ.

ಮನೆಯಲ್ಲಿ ಚೀಲ ಇಳಿಸಿ ಒಳಗೆ ಒಯ್ಯುವಾಗ ಪಾರಮ್ಮ ಗೂಡಿನಿಂದ ಆರನೆಯ ಬೇವಿನ ಕಟ್ಟು ತಂದು ಅದರ ಮೇಲಿಟ್ಟಳು. ಹನಮೇಶ ಅದನ್ನು ಐದರ ಪಕ್ಕದಲ್ಲಿ, ಮೂಲೆಗೆ ತಾಗಿಸಿ ನಿಲ್ಲಿಸಿದ. ಅಜ್ಜಿಯ ಚೀಲ ನಿಂತಿದ್ದ ಜಾಗವೇ ಅದು, ಅವನಿಗೆ ಆ ನೆನಪಿರಲಿಲ್ಲ. ಕಳಕಪ್ಪ ಬಾಗಿಲಲ್ಲಿ ನಿಂತು ಒಂದು ಕ್ಷಣ ನೋಡಿದ.

"ಸುರೇಖಾ, ಇಲ್ಲಿ ಬಾರವ್ವ" ಎಂದು ಸೊಸೆಯನ್ನು ಕರೆದ. "ನಾಳೆ ಗಿರಣಿಗೆ ಮೊದಲು ಇದನ್ನ ಕಳಸು."

"ಹೊಸಾದು ಇರಲಿ ಬಿಡ್ರಿ ಮಾವಾರ. ಮೊದಲು ಬಂದಾವನ್ನ ಮುಗಸೂಣು."

"ಇದನ್ನ ಮೊದಲು ತಗೀರಿ. ಮುಗದ್ರ ಮುಂದಿನ ವರ್ಷ ಮತ್ತ ತರ್ತೀನಲ್ಲ."

ಅದಾಗಿ ಮೂರು ವರ್ಷ. ವಾರದ ಸೂಜಿಯಿಂದ ಕಳಕಪ್ಪನ ರಕ್ತ ಹತ್ತೂವರೆಗೆ ಏರಿ ಅಲ್ಲೇ ನಿಂತಿದೆ. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗುತ್ತಾನೆ, ಫೋನು ಬಂದರೆ ಮೊದಲ ರಿಂಗಿಗೇ ಎತ್ತುತ್ತಾನೆ. ಪೇಟೆಯಲ್ಲಿ ಈಗ ಅರ್ಧ ದಿನದ ಕೆಲಸ, ಗಾಡಿಯ ಕೀಲಿ ಪಾರಮ್ಮನ ಸೊಂಟದಲ್ಲಿ. ಅವತ್ತಿನ ಚೀಲ ಆ ವರ್ಷವೇ ಮುಗಿಯಿತು. ಆಮೇಲಿನ ಎರಡೂ ಖಾಲಿಯಾದವು. ಮೊನ್ನೆ ಸುಗ್ಗಿಗೆ ಅವನ ಪಾಲಿನ ನಾಲ್ಕನೆಯದು ಬಂತು, ಅದನ್ನೂ ಎಲ್ಲಕ್ಕಿಂತ ಮೊದಲು ಬಿಚ್ಚಿದರು.